ದ್ವೀಪವಿಹಾರ ಮತ್ತು ಭೋಗಭೂಮಿ

ಬೆವರು ಸುರಿಸದೆ ಬಯಸಿದ್ದೆಲ್ಲ ಕೈಗೆ ಬರುವ ನೆಲವೊಂದಿದ್ದರೆ ಅಲ್ಲಿ ಬಾಳುವುದು ಮನುಷ್ಯನಿಗೆ ಮೇಲೋ ಕೀಳೋ ಎಂಬುದು ಧರ್ಮಶಾಸ್ತ್ರಗಳಿಗೆ ಹಳೆಯ ಪ್ರಶ್ನೆ. ಜೈನ ಪುರಾಣಗಳು ಅದನ್ನು ನೆಲದ ವಿಂಗಡಣೆಯಾಗಿಯೇ ಬಿಡಿಸುತ್ತವೆ. ಕೃಷಿ, ವ್ಯಾಪಾರ, ವಿದ್ಯೆಗಳಿಂದ ಹೊಟ್ಟೆ ಹೊರೆಯಬೇಕಾದದ್ದು ಕರ್ಮಭೂಮಿ. ಕಲ್ಪವೃಕ್ಷಗಳೇ ಎಲ್ಲವನ್ನೂ ಒದಗಿಸುವುದು ಭೋಗಭೂಮಿ. ಪಂಪ 10ನೆಯ ಶತಮಾನದ ನಡುವೆ ಬರೆದ ‘ಆದಿಪುರಾಣ’ದ ಮೂಲಕ ಈ ಭೋಗಭೂಮಿ ಕನ್ನಡ ಓದುಗರಿಗೆ ಪರಿಚಿತ. ಸಮುದ್ರದ ನಡುವಿನ ರೆಸಾರ್ಟಿಗೆ ರಜೆ ಹೊಂದಿಸುವ ಇಂದಿನ ಕುಟುಂಬ ದುಡ್ಡು ಕೊಟ್ಟು ಹುಡುಕುವುದು ಹೆಚ್ಚುಕಡಿಮೆ ಇದನ್ನೇ.

ಭೋಗಭೂಮಿಯ ಕಲ್ಪವೃಕ್ಷಗಳು ಹತ್ತು ಬಗೆ. ಊಟ ಕೊಡುವುದು ಒಂದು, ಪಾತ್ರೆ ಕೊಡುವುದು ಇನ್ನೊಂದು. ಬಟ್ಟೆ, ಒಡವೆ, ಹೂಮಾಲೆ, ಮನೆ, ದೀಪ, ಬೆಳಕು, ವಾದ್ಯ ಇವಕ್ಕೆಲ್ಲ ಬೇರೆ ಬೇರೆ ಮರಗಳು. ಪಾನೀಯ ಕೊಡುವ ಮದ್ಯಾಂಗವೂ ಉಂಟು. ಅಲ್ಲಿ ಸಿಗುವುದು ನಿಜವಾದ ಹೆಂಡವಲ್ಲ, ಬಲ ಕೊಡುವ ಸಿಹಿರಸ, ಹೋಲಿಕೆಯಿಂದ ಮಾತ್ರ ಆ ಹೆಸರು ಎಂದು ಸಂಸ್ಕೃತ ಆದಿಪುರಾಣದ ಕರ್ತೃ ಜಿನಸೇನರು ಸಮಜಾಯಿಷಿ ಕೊಡಬೇಕಾಯಿತು. ಊಟ, ಪಾನೀಯ, ಕೋಣೆ, ಸಂಜೆಯ ಸಂಗೀತ ಎಲ್ಲವೂ ಒಂದೇ ಬಾಡಿಗೆಯಲ್ಲಿ ಸೇರಿರುವ ಮಾಲ್ಡೀವ್ಸ್ ಪ್ಯಾಕೇಜಿನ ಪಟ್ಟಿ ಇದಕ್ಕಿಂತ ಬಹಳ ಮುಂದೆ ಹೋಗಿಲ್ಲ. ವ್ಯತ್ಯಾಸ ಹಸಿವಿನಲ್ಲಿದೆ: ಉತ್ತಮ ಭೋಗಭೂಮಿಯವರು ಮೂರು ದಿನಕ್ಕೊಮ್ಮೆ ಬೋರೆಹಣ್ಣಿನಷ್ಟು ಉಂಡು ತೃಪ್ತರು. ಬಫೆಯ ಮುಂದೆ ತಟ್ಟೆ ಹಿಡಿದು ಮೂರು ಸುತ್ತು ಹಾಕುವವರು ಅವರ ಕುಲದವರಲ್ಲ.

ಕಡೂರು ತಾಲ್ಲೂಕಿನ ಯಗಟಿಯಂಥ ಊರಿನಿಂದ ನೋಡಿದರೆ ಈ ಹೋಲಿಕೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರಿಗೆ ಕಾಫಿ, ಮಂಜು, ಹೋಂಸ್ಟೇ. ಯಗಟಿ ಹೋಬಳಿ ಅದೇ ಜಿಲ್ಲೆಯ ಬಯಲುಸೀಮೆ. ಮಲೆನಾಡಿನಲ್ಲಿ ಸುರಿದ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಬಡವಾಗಿರುತ್ತದೆ. ರಾಗಿ, ತೆಂಗು, ಕೊಳವೆಬಾವಿ, ಇವೇ ಇಲ್ಲಿನ ಬದುಕು. ರೆಸಾರ್ಟಿನ ಜಾಹೀರಾತಿನಲ್ಲಿ ಕಡಲಿನತ್ತ ಬಾಗಿ ನಿಂತ ತೆಂಗಿನ ಮರ ಇಲ್ಲಿನವರಿಗೆ ಹೊಸದಲ್ಲ. ತೆಂಗನ್ನು ಕಲ್ಪವೃಕ್ಷವೆಂದು ಕರೆಯುವುದೂ ರೂಢಿಯೇ. ಆದರೆ ಈ ಕಲ್ಪವೃಕ್ಷ ಬಯಸಿದ ಕೂಡಲೇ ಏನನ್ನೂ ಕೊಡುವುದಿಲ್ಲ. ಬೇಸಿಗೆಯಲ್ಲಿ ನೀರು ಕಟ್ಟಬೇಕು, ಕಾಯಿ ಕೆಡವಬೇಕು, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಸುಲಿದು ಕೊಬ್ಬರಿ ಮಾಡಬೇಕು, ಆಮೇಲೆ ಧಾರಣೆಗೆ ಕಾಯಬೇಕು. ಪ್ರವಾಸದ ಹಣ ಹುಟ್ಟುವುದು ಇಲ್ಲಿ. ರಾಗಿಯ ಒಕ್ಕಣೆ ಮುಗಿದ ಮೇಲೆ ಸಿಗುವ ಬಿಡುವಿಗೂ ಕಡಲು ಶಾಂತವಾಗಿರುವ ತಿಂಗಳುಗಳಿಗೂ ತಾಳೆಯಾಗುವುದು ಅನುಕೂಲ. ಮಳೆಗಾಲದಲ್ಲಂತೂ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೂ ದೋಣಿ ಬಿಡುವುದಿಲ್ಲ.

ಸಮುದ್ರ ದಾಟುವುದೇ ದೋಷ ಎಂಬ ಇನ್ನೊಂದು ಹಳೆಯ ಆಕ್ಷೇಪವೂ ಇತ್ತು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕೆಲಸಗಳಲ್ಲಿ ಎಣಿಸುತ್ತದೆ. ಆ ವಾದ ಕರ್ನಾಟಕದಲ್ಲಿ ಪೂರ್ತಿ ಸತ್ತಿಲ್ಲ: ವಿದೇಶ ಪ್ರವಾಸ ಮಾಡಿದ್ದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಉಡುಪಿಯ ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ 2008ರ ಪರ್ಯಾಯದ ವೇಳೆ ಜೋರಾಗಿ ನಡೆಯಿತು; 2024ರ ಜನವರಿಯಲ್ಲಿ ಅವರು ನಾಲ್ಕನೆಯ ಪರ್ಯಾಯಕ್ಕೆ ಪೀಠವೇರಿದರು. ಯತಿಗಳ ಮಡಿಯ ಮಟ್ಟಿಗೆ ಅದು ಇನ್ನೂ ಪ್ರಶ್ನೆಯಾಗಿರಬಹುದು. ಗೃಹಸ್ಥರಿಗೆ ಅದು ಎಂದೋ ಮುಗಿದುಹೋದ ಮಾತು. ಅಲ್ಲದೆ ಆ ನಿಷೇಧ ಹಿಡಿದದ್ದು ದಾಟುವ ಕ್ರಿಯೆಯನ್ನು, ದಾಟಿದ ಮೇಲಿನ ಸುಖವನ್ನಲ್ಲ. ಸುಖದ ಪ್ರಶ್ನೆಗೆ ಅಲ್ಲಿ ಉತ್ತರ ಸಿಗದು.

ದ್ವೀಪಕ್ಕೆ ಹೋಗುವುದೇ ಪುಣ್ಯವೆಂದ ಸಂಪ್ರದಾಯವೂ ಇದೆ. ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗಂ ಮೂರೂ ಕಾವೇರಿಯ ನಡುಗಡ್ಡೆಗಳು. ಆದಿ, ಮಧ್ಯ, ಅಂತ್ಯರಂಗಗಳೆಂದು ಮೂರನ್ನೂ ಒಂದೇ ದಿನ ನೋಡುವ ಭಕ್ತರಿದ್ದಾರೆ. ಯಾತ್ರೆಗೂ ವಿಹಾರಕ್ಕೂ ಗೆರೆ ಎಳೆಯುವುದು ಹೇಳಿದಷ್ಟು ಸುಲಭವಲ್ಲ. ಯಾತ್ರಿಕರೂ ದಾರಿಯಲ್ಲಿ ಮಸಾಲೆದೋಸೆ ತಿನ್ನುತ್ತಾರೆ, ಹೊಳೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಈಜುತ್ತಾರೆ. ಆದರೂ ಯಾತ್ರೆಯಲ್ಲಿ ಹರಕೆಯೋ ಉಪವಾಸವೋ ಮುಡಿಯೋ, ಏನಾದರೊಂದನ್ನು ಬಿಟ್ಟುಕೊಡಬೇಕು. ರೆಸಾರ್ಟಿನಲ್ಲಿ ಬಿಟ್ಟುಕೊಡುವುದು ಹಣವೊಂದೇ, ಅದೂ ಮುಂಗಡವಾಗಿ.

ಹಾಗಾದರೆ ಭೋಗ ಪಾಪವೇ? ಜೈನ ಶಾಸ್ತ್ರದ ಉತ್ತರ ಇಲ್ಲಿ ಅಚ್ಚರಿಯದು, ಏಕೆಂದರೆ ಅದು ಭೋಗಭೂಮಿಯನ್ನು ಬೈಯುವುದಿಲ್ಲ. ಅಲ್ಲಿ ಹುಟ್ಟುವುದು ಪುಣ್ಯದ ಫಲ, ಮುಖ್ಯವಾಗಿ ಯೋಗ್ಯರಿಗೆ ಮಾಡಿದ ದಾನದ ಫಲ. ಮೊದಲ ತೀರ್ಥಂಕರ ಆದಿನಾಥನ ಹಿಂದಿನ ಭವವೊಂದರಲ್ಲಿ ವಜ್ರಜಂಘ, ಶ್ರೀಮತಿ ಎಂಬ ದಂಪತಿಗಳಿದ್ದರು. ಮುನಿಗಳಿಗೆ ಆಹಾರದಾನ ಮಾಡಿದವರು. ಒಂದು ರಾತ್ರಿ ಮುಚ್ಚಿದ ಶಯ್ಯಾಗೃಹದಲ್ಲಿ ಧೂಪದ ಹೊಗೆ ತುಂಬಿ, ಮಲಗಿದಲ್ಲೇ ಸತ್ತರು. ಭೋಗದ ಸಾಧನವೇ ಕೊಂದಿತು. ಆದರೂ ದಾನದ ಬಲದಿಂದ ಅವರು ಮತ್ತೆ ಹುಟ್ಟಿದ್ದು ಉತ್ತರಕುರುವಿನ ಭೋಗಭೂಮಿಯಲ್ಲಿ. ದಾನ ಅಯೋಗ್ಯರಿಗೆ ಹೋದರೆ ಸಿಗುವುದು ಕುಭೋಗಭೂಮಿ. ದಿಗಂಬರ ಗ್ರಂಥಗಳು ಅದನ್ನು ಇಡುವುದು ಸಮುದ್ರದ ನಡುವಿನ 96 ಅಂತರದ್ವೀಪಗಳಲ್ಲಿ. ಅಲ್ಲಿನವರು ಒಂಟಿಕಾಲಿನವರು, ಬಾಲದವರು, ಮೃಗಮುಖದವರು. ಕೆಲವರು ಗುಹೆಯಲ್ಲಿದ್ದು ಸಿಹಿಮಣ್ಣು ತಿನ್ನುವವರು.

ದೂರದ ದ್ವೀಪದವರನ್ನು ವಿಚಿತ್ರ ಪ್ರಾಣಿಗಳಂತೆ ಕಾಣುವ ಚಾಳಿ ಪುರಾಣಕಾರರಿಗೂ ಇತ್ತೆಂಬುದಕ್ಕೆ ಇದು ಸಾಕ್ಷಿ, ಮತ್ತು ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಅಂಡಮಾನಿನ ಹೆದ್ದಾರಿಯಲ್ಲಿ ವಾಹನದ ಕಿಟಕಿಯಿಂದ ಜಾರವಾ ಜನರನ್ನು ನೋಡಲು ಹಾತೊರೆದವರದೂ ಇದೇ ಚಾಳಿ. ಜಾರವಾಗಳ ಫೋಟೊ ತೆಗೆಯುವುದು ಈಗ ಅಪರಾಧ.

ಭೋಗಭೂಮಿಯ ಕೊರತೆ ಬೇರೆಯೇ ಇದೆ. ಅಲ್ಲಿ ರೋಗವಿಲ್ಲ, ಜಗಳವಿಲ್ಲ. ಸಾವು ಕೂಡ ಸೀನು ಅಥವಾ ಆಕಳಿಕೆಯಷ್ಟೇ ಹಗುರ. ಆದರೆ ಅಲ್ಲಿ ವ್ರತ ಹಿಡಿಯಲಾಗದು. ಸಮ್ಯಕ್ತ್ವ, ಅಂದರೆ ಸರಿಯಾದ ಶ್ರದ್ಧೆ, ಮೂಡಬಹುದು; ವಜ್ರಜಂಘನ ಜೀವಕ್ಕೆ ಮೂಡಿದ್ದು ಅಲ್ಲೇ, ಆಕಾಶದಿಂದ ಇಳಿದ ಚಾರಣಮುನಿಗಳ ಬೋಧೆಯಿಂದ. ಅದಕ್ಕಿಂತ ಮೇಲಿನ ಮೆಟ್ಟಿಲು ಆ ನೆಲದಲ್ಲಿಲ್ಲ. ಮೋಕ್ಷಕ್ಕೆ ಹೊರಡುವವರು ಕರ್ಮಭೂಮಿಯಲ್ಲೇ ಹುಟ್ಟಬೇಕು. ಎಲ್ಲವೂ ಸಿಗುವಲ್ಲಿ ಬಿಡುವ ಸಂದರ್ಭವೇ ಬರುವುದಿಲ್ಲ ಎಂಬುದು ಇದರ ಹಿಂದಿನ ತರ್ಕ.

ಬಿಟ್ಟವರ ಗುರುತು ಯಗಟಿಯವರು ತಾಲ್ಲೂಕು ಕಚೇರಿಗೆಂದು ಹೋಗುವ ಕಡೂರಿನಲ್ಲೇ ಇದೆ. ಅಲ್ಲಿನ ಕಂಬವೊಂದರ ಶಾಸನ ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತು ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ದೇಹ ಬಿಟ್ಟಳೆನ್ನುತ್ತದೆ. ಹಿಂದಕ್ಕೆ ಎಣಿಸಿದರೆ ಆಕೆ ಅರಮನೆ ಬಿಟ್ಟದ್ದು ‘ಆದಿಪುರಾಣ’ ಮುಗಿದ ಕಾಲದ ಆಸುಪಾಸಿನಲ್ಲೇ. ಭೋಗ ಅವಳಿಗೆ ಕಾವ್ಯದ ವರ್ಣನೆಯಾಗಿರಲಿಲ್ಲ, ಹುಟ್ಟಿನಿಂದ ಬಂದ ಮನೆಯಾಗಿತ್ತು.

ಎಲ್ಲರೂ ಪಾಂಬಬ್ಬೆಯಾಗಬೇಕೆಂದು ಆ ಧರ್ಮವೂ ಕೇಳಿಲ್ಲ. ಭರತಕ್ಷೇತ್ರವೂ ಒಂದು ಕಾಲದಲ್ಲಿ ಭೋಗಭೂಮಿಯೇ ಆಗಿತ್ತು, ಕಲ್ಪವೃಕ್ಷಗಳು ಬತ್ತಿದಾಗ ಕಂಗಾಲಾದ ಜನಕ್ಕೆ ಋಷಭನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕಸುಬುಗಳನ್ನು ಕಲಿಸಿದನು ಎನ್ನುತ್ತದೆ ಪುರಾಣ. ಮೊದಲ ತೀರ್ಥಂಕರನ ಮೊದಲ ಬೋಧೆ ಸಂನ್ಯಾಸದ್ದಲ್ಲ, ದುಡಿಮೆಯದ್ದು. ದುಡಿದವರು ನಾಲ್ಕು ದಿನ ಕಡಲ ದಂಡೆಯಲ್ಲಿ ಕಾಲು ಚಾಚುವುದನ್ನು ಆಕ್ಷೇಪಿಸಲು ಈ ನೋಟದಲ್ಲಿ ಆಧಾರವಿಲ್ಲ.

ಆಕ್ಷೇಪ ಇರುವುದು ಇನ್ನೊಂದು ಕಡೆ. ಕಲ್ಪವೃಕ್ಷ ಕೊಡುವಾಗ ಯಾರೂ ದುಡಿಯುವುದಿಲ್ಲ. ಹಾಗಾಗಿಯೇ ಅದು ನಿರ್ದೋಷ. ರೆಸಾರ್ಟಿನಲ್ಲಿ ಹತ್ತೂ ಮರಗಳ ಕೆಲಸ ಮಾಡುವವರು ಮನುಷ್ಯರು, ಬಹುಪಾಲು ಮನೆ ಬಿಟ್ಟು ದೂರದಿಂದ ಬಂದವರು. ಕುಡಿಯುವ ನೀರನ್ನು ಸಮುದ್ರದಿಂದ ಸೋಸಿ ತೆಗೆಯಬೇಕು, ಕಸವನ್ನು ಎಲ್ಲಾದರೂ ಹಾಕಬೇಕು. ಮಾಲ್ಡೀವ್ಸಿನಲ್ಲಿ ಕಸ ಸುರಿಯುವುದಕ್ಕೆಂದೇ ತಿಲಫುಶಿ ಎಂಬ ದ್ವೀಪವಿದೆ. ಒಬ್ಬರ ಭೋಗಭೂಮಿ ಇನ್ನೊಬ್ಬರ ಕರ್ಮಭೂಮಿಯ ಮೇಲೆ ನಿಂತಿರುವ ಈ ಏರ್ಪಾಡನ್ನು ಪುರಾಣಕಾರರು ಕಲ್ಪಿಸಿರಲಿಲ್ಲ. ಯಗಟಿಯ ಮನೆಯಲ್ಲೂ ಪ್ರವಾಸದ ಮಾತು ಕೊನೆಗೆ ಬಂದು ನಿಲ್ಲುವುದು ದನ ಯಾರು ನೋಡಿಕೊಳ್ಳುತ್ತಾರೆ, ತೋಟಕ್ಕೆ ನೀರು ಯಾರು ಬಿಡುತ್ತಾರೆ ಎಂಬಲ್ಲಿ. ಊರಲ್ಲೇ ಉಳಿದು ಹಾಲು ಕರೆಯುವ ಆಳಿನ ಕೂಲಿಯನ್ನು ಪ್ರವಾಸದ ಖರ್ಚಿನಲ್ಲಿ ವಿಮಾನದ ಟಿಕೆಟ್ಟಿಗಿಂತ ಮೊದಲು ಬರೆಯಬೇಕು.