ಬಿಚ್ಚದ ಪೆಟ್ಟಿಗೆ



ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಬಂದು ಕುಳಿತರು. ಅವರ ಮಗಳು ನರ್ಸ್. ಆಸ್ಟ್ರೇಲಿಯದ ಬ್ರೂಮ್ ಎಂಬ ಕಡಲತೀರದ ಊರಿಗೆ ಕೆಲಸಕ್ಕೆ ಹೋಗಿ ಹತ್ತು ತಿಂಗಳಾಗಿತ್ತು. “ಫಾದರ್, ಅವಳು ಇನ್ನೂ ಪೆಟ್ಟಿಗೆ ಬಿಚ್ಚಿಲ್ಲವಂತೆ. ಬೇಕಾದ ಬಟ್ಟೆ ತೆಗೆದು, ಒಗೆದು, ಮತ್ತೆ ಅದರಲ್ಲೇ ಮಡಚಿಡುತ್ತಾಳಂತೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅಲ್ಲಿ ಅವಳ ಮನಸ್ಸು ಊರಲಿ ಎಂದು ಪ್ರಾರ್ಥಿಸಲೋ, ಊರದಿರಲಿ ಎಂದು ಪ್ರಾರ್ಥಿಸಲೋ? ಊರಿದರೆ ನಮ್ಮ ಕೈತಪ್ಪುತ್ತಾಳೆ. ಊರದಿದ್ದರೆ ಸೊರಗುತ್ತಾಳೆ.”

ಅಂದು ನಾನು ಕೊಟ್ಟದ್ದು ಅರೆಬರೆ ಉತ್ತರ. ಮನೆಮನೆಯಿಂದ ಮಕ್ಕಳು ಹೊರದೇಶಕ್ಕೆ ಹೋಗಿರುವ ನಮ್ಮಲ್ಲಿ ಇದು ಆ ಒಬ್ಬ ತಾಯಿಯ ಪ್ರಶ್ನೆ ಮಾತ್ರವಲ್ಲ. ಆದ್ದರಿಂದ ಇಲ್ಲಿ ಮತ್ತೊಮ್ಮೆ ಯೋಚಿಸೋಣ.

ಬ್ರೂಮ್ ಆಸ್ಟ್ರೇಲಿಯದ ವಾಯವ್ಯ ಕರಾವಳಿಯ ಒಂಟಿ ಊರು. ರಾಜ್ಯದ ರಾಜಧಾನಿ ಪರ್ತ್ ರಸ್ತೆಯಲ್ಲಿ 2,000 ಕಿಲೋಮೀಟರಿಗೂ ದೂರ. ಊರಿನ ಕೇಬಲ್ ಬೀಚ್ ಸುಮಾರು 22 ಕಿಲೋಮೀಟರ್ ಉದ್ದದ ಬಿಳಿ ಮರಳು. 1889ರಲ್ಲಿ ಜಾವಾದಿಂದ ಕಡಲಡಿಯಲ್ಲಿ ತಂದ ತಂತಿಯಿಂದ ಅದಕ್ಕೆ ಆ ಹೆಸರು ಬಂತು. ಮಳೆಯಿಲ್ಲದ ತಿಂಗಳುಗಳಲ್ಲಿ ಪ್ರವಾಸಿಗಳು ತುಂಬಿರುತ್ತಾರೆ. ನವೆಂಬರ್ ಬಂದರೆ ಸೆಕೆ, ಮಳೆ, ಚಂಡಮಾರುತದ ಭಯ. ನೀರಿಗಿಳಿಯೋಣವೆಂದರೆ ವಿಷದ ಜೆಲ್ಲಿ ಮೀನು. ಪ್ರವಾಸಿಗಳು ಹೊರಟುಹೋಗುತ್ತಾರೆ. ಆಸ್ಪತ್ರೆಯ ರಾತ್ರಿ ಪಾಳಿ ಮಾತ್ರ ಹೋಗುವುದಿಲ್ಲ. ಚಿತ್ರದಲ್ಲಿ ಸ್ವರ್ಗದಂತೆ ಕಾಣುವ ಊರಿನಲ್ಲಿಯೂ ಅಕ್ಕಿ ತರಬೇಕು, ಬಟ್ಟೆ ಒಗೆಯಬೇಕು, ಒಬ್ಬಳೇ ಕುಳಿತು ಉಣ್ಣಬೇಕು.

ಪೆಟ್ಟಿಗೆ ಬಿಚ್ಚದಿರುವುದರ ಅರ್ಥ ನನಗೆ ಗೊತ್ತು. ಹಿಂದೊಮ್ಮೆ ವರ್ಗವಾಗಿ ಹೋದ ಧರ್ಮಕೇಂದ್ರವೊಂದರಲ್ಲಿ ನನ್ನ ಪುಸ್ತಕದ ಡಬ್ಬಗಳು ಒಂದು ವರ್ಷ ಕಟ್ಟಿದಂತೆಯೇ ಇದ್ದವು. ಹಳೆಯ ಊರಿನ ಮೇಲಿನ ಪ್ರೀತಿ ಎಂದು ಅದಕ್ಕೆ ಹೆಸರಿಟ್ಟಿದ್ದೆ. ಆ ವರ್ಷ ಹೊಸ ಊರಿನಲ್ಲಿ ಎಷ್ಟು ರೋಗಿಗಳ ಮನೆಗೆ ಹೋದೆ ಎಂದು ಲೆಕ್ಕ ಹಾಕಿದಾಗ ನಾಚಿಕೆಯಾಯಿತು. ಹಳೆಯ ಊರಿಗೆ ನನ್ನ ವಿರಹದಿಂದ ಏನೂ ಸಿಕ್ಕಿರಲಿಲ್ಲ. ಹೊಸ ಊರಿಗೆ ಸಲ್ಲಬೇಕಾದದ್ದು ಸಂದಿರಲಿಲ್ಲ.

ತಾಯಿಯ ಭಯದ ಹಿಂದೆ ಒಂದು ಲೆಕ್ಕವಿದೆ: ಹೃದಯ ಸೇರಕ್ಕಿಯಂತೆ, ಅಲ್ಲಿಗೆ ಅಳೆದರೆ ಇಲ್ಲಿಗೆ ಕಡಮೆ. ಈ ಲೆಕ್ಕ ಅರ್ಧ ಸರಿ. ಸಮಯವನ್ನು ಅಳೆಯಬಹುದು. ಬ್ರೂಮಿನಲ್ಲಿ ಕಳೆದ ಕ್ರಿಸ್ಮಸ್ ಮನೆಯಲ್ಲಿ ಕಳೆದ ಕ್ರಿಸ್ಮಸ್ ಆಗುವುದಿಲ್ಲ. ಈ ನಷ್ಟ ನಿಜ, ಇಲ್ಲವೆಂದು ಸಮಾಧಾನ ಹೇಳುವುದು ಸುಳ್ಳು. ಆದರೆ ಪ್ರೀತಿಯನ್ನು ಹಾಗೆ ಅಳೆಯಲಾಗದು. ಎರಡನೆಯ ಮಗು ಹುಟ್ಟಿದಾಗ ಮೊದಲನೆಯದರ ಪಾಲಿನ ಪ್ರೀತಿ ಅರ್ಧವಾಯಿತೇ ಎಂದು ಯಾವ ತಾಯಿಯನ್ನಾದರೂ ಕೇಳಿ.

ಬಾಬಿಲೋನಿಗೆ ಸೆರೆಯಾಗಿ ಹೋದ ತನ್ನ ಜನರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ನಿಮಗೆ ನೆನಪಿರಬಹುದು. ಮನೆ ಕಟ್ಟಿರಿ, ತೋಟ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಹೇಳುವ ಪತ್ರವದು. ಅದೂ ತಮ್ಮನ್ನು ಸೆರೆಗೊಯ್ದವರ ಪಟ್ಟಣಕ್ಕಾಗಿ! ಅದೇ ಪತ್ರದಲ್ಲಿ ಮರಳಿ ಬರುವ ವಾಗ್ದಾನವೂ ಇದೆ. ಮರಳುವ ನಿರೀಕ್ಷೆಯುಳ್ಳವನೇ ಗಿಡ ನೆಡಬೇಕು ಎಂಬುದು ಅಲ್ಲಿನ ಉಪದೇಶ.

ಇನ್ನೊಂದು ಮಾತಿದೆ, ಅದು ನ್ಯಾಯದ ಮಾತು. ಪೆಟ್ಟಿಗೆ ಬಿಚ್ಚದವರು, ನಾವು ಯಾರಿಗೂ ಅನ್ಯಾಯ ಮಾಡಿಲ್ಲ, ದುಡಿದು ಹೋಗುತ್ತೇವೆ ಅಷ್ಟೆ, ಎಂದುಕೊಳ್ಳುತ್ತಾರೆ. ತೆಗೆದುಕೊಂಡು ಹೋಗಲೆಂದೇ ಬಂದವರನ್ನು ಬ್ರೂಮ್ ಬಹಳ ಕಂಡಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅಲ್ಲಿನ ಮುತ್ತಿನ ಚಿಪ್ಪು ಅಂಗಿಯ ಗುಂಡಿಗಳಾಗಲು ಹಡಗು ಹಡಗಾಗಿ ಸಾಗಿತು. ಆ ಉದ್ಯಮದ ಮೊದಲ ದಿನಗಳಲ್ಲಿ ಮೂಲನಿವಾಸಿ ಗಂಡಸರು, ಹೆಂಗಸರನ್ನು ಬಲವಂತದಿಂದ ಕಡಲಿಗೆ ಇಳಿಸಿದರು. ಆಮೇಲೆ ಬಂದ ಜಪಾನೀ ಮುಳುಗುಗಾರರ ಸಮಾಧಿಭೂಮಿಯಲ್ಲಿ 900ಕ್ಕೂ ಹೆಚ್ಚು ಮಂದಿ ಮಲಗಿದ್ದಾರೆ.

ಊರಿನ ಉತ್ತರಕ್ಕೆ ಬೀಗಲ್ ಬೇ ಎಂಬಲ್ಲಿ 1918ರಲ್ಲಿ ಪೂರ್ಣಗೊಂಡ ದೇವಾಲಯವೊಂದಿದೆ. ಅದೇ ಮುತ್ತಿನ ಚಿಪ್ಪಿನಿಂದ ಅದರ ಪೀಠವನ್ನು ಅಲಂಕರಿಸಿದ್ದಾರೆ. ಅಲ್ಲಿ ನೆಲೆಸಿದ ಮಠವಾಸಿಗಳೂ ಮೂಲನಿವಾಸಿಗಳೂ ಕೂಡಿ ಕಟ್ಟಿದ್ದು. ಚಿಪ್ಪು ಒಂದೇ; ಒಬ್ಬರು ಒಯ್ದರು, ಇನ್ನೊಬ್ಬರು ಅಲ್ಲೇ ಇಟ್ಟರು. ಆದರೆ ಸರಕಾರ ತಾಯಂದಿರಿಂದ ಬೇರ್ಪಡಿಸಿದ ಮೂಲನಿವಾಸಿ ಮಕ್ಕಳನ್ನು ತಂದು ಇರಿಸಿದ್ದೂ ಆ ಆಶ್ರಮದಲ್ಲಿಯೇ. ಇದನ್ನು ಮುಚ್ಚಿಡಬಾರದು. ಬರೀ ಉಳಿದರೆ ಸಾಲದು. ಆ ನೆಲದವರ ಮಾತಿಗೆ ಕಿವಿಗೊಡದೆ ಉಳಿಯುವುದೂ ಒಂದು ಬಗೆಯ ಅಪಹರಣವೇ.

ಬ್ರೂಮಿನ ಮೂಲನಿವಾಸಿಗಳು ಯಾವುರು ಜನ. ಆ ನೆಲದ ಮೇಲೆ ಅವರಿಗಿರುವ ಪರಂಪರೆಯ ಹಕ್ಕನ್ನು ನ್ಯಾಯಾಲಯ ಮಾನ್ಯಮಾಡಿದ್ದು 2006ರಲ್ಲಿ. ಹೊರಗಿನವರು ಅಲ್ಲಿ ಎರಡೇ ಕಾಲ ಎಣಿಸುತ್ತಾರೆ: ಮಳೆಗಾಲ, ಒಣಗಾಲ. ಯಾವುರು ಜನ ಆರು ಋತುಗಳನ್ನು ಎಣಿಸುತ್ತಾರೆ. ನೆಲೆಸುವುದೆಂದರೆ ಇದೇ ಇರಬೇಕು ಎನ್ನಿಸುತ್ತದೆ: ಎರಡು ಕಂಡಲ್ಲಿ ಆರನ್ನು ಕಾಣಲು ಅಲ್ಲಿಯವರಿಂದ ಕಲಿಯುವುದು. ಅದಕ್ಕೆ ಆ ನೆಲದ ಒಡೆಯರಾಗಬೇಕಿಲ್ಲ. ಹೀಗೆ ಕಲಿಯುವ ನರ್ಸಿಗೆ ತನ್ನ ಮುಂದಿನ ಮಂಚದಲ್ಲಿ ಮಲಗಿದ ಮುದುಕಿ ಬರೀ ರೋಗಿಯಾಗಿ ಕಾಣುವುದಿಲ್ಲ.

ಮೊನ್ನೆ ಆ ತಾಯಿ ಮತ್ತೆ ಸಿಕ್ಕರು. “ಫೋನಿನಲ್ಲಿ ಮಗಳನ್ನು ಏನು ಕೇಳುತ್ತೀರಿ?” ಎಂದೆ. “ಊಟ ಆಯಿತಾ, ಯಾವಾಗ ಬರುತ್ತೀ, ಇಷ್ಟೇ” ಎಂದರು. ನಾನು ಹೇಳಿದೆ: “ಅಮ್ಮಾ, ನೀವು ದಿನಾ ಯಾವಾಗ ಬರುತ್ತೀ ಎಂದು ಕೇಳಿದರೆ ಅವಳು ಪೆಟ್ಟಿಗೆ ಬಿಚ್ಚುವುದು ಹೇಗೆ? ಒಂದು ದಿನ ಬೇರೆ ಕೇಳಿ ನೋಡಿ. ಅಲ್ಲಿ ಇಳಿತದ ಹೊತ್ತಿಗೆ ಕಡಲು ಬಹಳ ದೂರ ಸರಿಯುತ್ತದಂತೆ. ಇವತ್ತು ಎಷ್ಟು ದೂರ ಹೋಗಿತ್ತು, ಪಕ್ಕದ ಮನೆಯವರ ಹೆಸರೇನು, ಎಂದು ಕೇಳಿ.”

ಅವರ ಕಣ್ಣು ತುಂಬಿತು. ಬಿಟ್ಟುಕೊಡುವುದು ಸುಲಭವಲ್ಲ, ನಾನೂ ಸುಲಭವೆಂದು ಹೇಳಲಿಲ್ಲ.

ಓದುಗರೆ, ನಮ್ಮ ಕರಾವಳಿಯಂತೆ ಬ್ರೂಮಿನಲ್ಲಿಯೂ ಸೂರ್ಯ ಕಡಲಿಗೇ ಇಳಿಯುತ್ತಾನೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಈ ವಾರ ದೂರದ ಮಕ್ಕಳಿಗೆ ಫೋನು ಮಾಡುವಾಗ, ಮರಳಿ ಬರುವ ದಿನವನ್ನು ಕೇಳುವ ಮೊದಲು, ಅವರು ಇರುವ ಊರಿನ ಇವತ್ತಿನ ಸಂಜೆಯನ್ನು ಕೇಳಿ.