ರಾಗ ಮತ್ತು ವೀತರಾಗ

'ರಾಗ' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಸಂಗೀತಗಾರನಿಗೆ ಅದು ಸ್ವರಗಳ ವಿನ್ಯಾಸ. ಜಿನಾಗಮದಲ್ಲಿ ಅದು ಆತ್ಮನನ್ನು ಕರ್ಮಕ್ಕೆ ಬಂಧಿಸುವ ಆಸಕ್ತಿ. ಜಿನನನ್ನು ವೀತರಾಗನೆಂದು ಪೂಜಿಸುವ ನಾವು, ಹಾಡು ಕೇಳುವ ಹೊತ್ತಿನಲ್ಲಿ ಈ ಎರಡರ ನಡುವಣ ಗೆರೆ ಎಲ್ಲಿದೆಯೆಂದು ವಿಚಾರಿಸುವುದು ವಿರಳ.

ಇಳಕಲ್ಲಿನ ಒಂದು ಮನೆಯ ಪ್ರಸಂಗ ಈ ವಿಚಾರಕ್ಕೆ ಕಾರಣವಾಯಿತು. ಐವತ್ತೆಂಟು ವಯಸ್ಸಿನ ಶ್ರಾವಕರೊಬ್ಬರು, ಸೀರೆಯ ವ್ಯಾಪಾರಿಗಳು. ನಿತ್ಯ ದೇವದರ್ಶನ, ಸೂರ್ಯಾಸ್ತಕ್ಕೆ ಮೊದಲೇ ಊಟ, ಯಾವುದಕ್ಕೂ ಲೋಪವಿಲ್ಲ. 1980ರ ದಶಕದಲ್ಲಿ ಧಾರವಾಡದಲ್ಲಿ ಓದುವಾಗ ಗೆಳೆಯರ ಕ್ಯಾಸೆಟ್ಟುಗಳಿಂದ ಬೀಟಲ್ಸ್, ಅಬ್ಬಾ ತಂಡಗಳ ಹಾಡುಗಳು ಅವರ ಮನಸ್ಸಿಗೆ ಅಂಟಿದವು. ಇಂದಿಗೂ ಅಂಗಡಿ ಮುಚ್ಚಿ ಬಂದ ಮೇಲೆ ಮೊಬೈಲಿನಲ್ಲಿ ಅವೇ ಹಾಡುಗಳನ್ನು ಹಚ್ಚಿ ಕಣ್ಣು ಮುಚ್ಚಿ ಕೂಡುತ್ತಾರೆ. ಮಡದಿಯ ಮಾತು ಆಗ ಕೇಳಿಸದು. ಒಂದು ಸಂಜೆ ಮಗ ತನ್ನ ಕೋಣೆಯಲ್ಲಿ ಹೊಸ ಕಾಲದ ಹಾಡನ್ನು ಜೋರಾಗಿ ಹಚ್ಚಿದನು. "ಶ್ರಾವಕರ ಮನ್ಯಾಗ ಇದೇನು ಗದ್ದಲ?" ಎಂದು ತಂದೆ ಗದರಿದರು. "ನೀವು ಕೇಳೂ ಹಾಡು ಬಸದ್ಯಾಗ ಹುಟ್ಯಾವೇನು, ಅಪ್ಪಾಜಿ?" ಎಂದನು ಮಗ. ಅನಂತರ ಬಹುದಿನ ಇಬ್ಬರ ನಡುವೆ ಮಾತಿರಲಿಲ್ಲ.

ಮಗನ ಮಾತು ಒರಟು; ಪ್ರಶ್ನೆ ಮಾತ್ರ ಸರಿಯಾದುದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಪರಿಗ್ರಹ ವ್ರತವನ್ನು ಕಾಯುವ ಭಾವನೆಗಳನ್ನು ಹೇಳುವಾಗ, ಇಂದ್ರಿಯಗಳಿಗೆ ಪ್ರಿಯವಾದುದರಲ್ಲಿ ರಾಗವನ್ನೂ ಅಪ್ರಿಯವಾದುದರಲ್ಲಿ ದ್ವೇಷವನ್ನೂ ಒಟ್ಟಿಗೇ ಬಿಡಲು ಹೇಳುತ್ತದೆ. ಆ ತಂದೆ ತಮ್ಮ ಹಾಡಿನಲ್ಲಿ ರಾಗವನ್ನಿಟ್ಟು, ಮಗನ ಹಾಡಿನಲ್ಲಿ ದ್ವೇಷವನ್ನಿಟ್ಟು, ಆ ದ್ವೇಷಕ್ಕೆ ಧರ್ಮವೆಂದು ಹೆಸರು ಕೊಟ್ಟರು. ಬ್ರಹ್ಮಚರ್ಯದ ಭಾವನೆಗಳಲ್ಲಿಯೂ 'ಪೂರ್ವರತಾನುಸ್ಮರಣ'ದ ತ್ಯಾಗ, ಎಂದರೆ ಹಿಂದೆ ಅನುಭವಿಸಿದ ಸುಖವನ್ನು ನೆನೆನೆನೆದು ಸವಿಯುವುದನ್ನು ಬಿಡುವುದು, ಸೇರಿದೆ. ಪೂರ್ಣವ್ರತ ಮುನಿಗಳದು, ನಿಜ. ಗೃಹಸ್ಥನೂ ನಡೆಯಬೇಕಾದ ದಿಕ್ಕು ಮಾತ್ರ ಅದೇ.

ಇನ್ನೊಂದು ಸೂಕ್ಷ್ಮವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಮ್ಮೆ ಅನುಭವಿಸಿ ಮುಗಿಯುವುದನ್ನು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸುವುದನ್ನು ಉಪಭೋಗವೆಂದೂ ವಿಂಗಡಿಸಿದ್ದಾರೆ. ಅನ್ನ ಭೋಗ, ವಸ್ತ್ರ ಉಪಭೋಗ. ಹಿಂದಿನ ಕಾಲದಲ್ಲಿ ಹಾಡು ಅನ್ನದಂತಿತ್ತು: ಹಾಡುವವನು ನಿಲ್ಲಿಸಿದರೆ ಮುಗಿಯಿತು. ಧ್ವನಿಮುದ್ರಣವು ಅದನ್ನು ವಸ್ತ್ರದಂತೆ ಮಾಡಿತು, ಅದೂ ಎಂದಿಗೂ ಹರಿಯದ ವಸ್ತ್ರ.

ಹರಿಯದಿರುವುದೇ ಇಲ್ಲಿಯ ಮೋಸ. ಪಂಪನ ಆದಿಪುರಾಣದಲ್ಲಿ ಬರುವ ನೀಲಾಂಜನೆಯ ಪ್ರಸಂಗ ಯಾವ ಜೈನ ಮನೆಗೆ ತಿಳಿಯದು? ಆದಿದೇವನ ಸಭೆಯಲ್ಲಿ ನರ್ತಿಸುತ್ತಿದ್ದಂತೆಯೇ ಅವಳ ಆಯುಷ್ಯ ತೀರಿತು. ರಸಭಂಗವಾಗದಂತೆ ಇಂದ್ರನು ಕ್ಷಣಾರ್ಧದಲ್ಲಿ ಅವಳಂಥವಳೇ ಇನ್ನೊಬ್ಬಳನ್ನು ನಿಲ್ಲಿಸಿದನು. ನೃತ್ಯ ನಡೆಯಿತು, ಸಭೆಗೆ ತಿಳಿಯಲಿಲ್ಲ. ಕಂಡವನು ಆದಿದೇವನೊಬ್ಬನೇ. ಅವನ ವೈರಾಗ್ಯಕ್ಕೆ ಅದೇ ನಿಮಿತ್ತವಾಯಿತು.

ನಮ್ಮ ಕಾಲದ ಧ್ವನಿಮುದ್ರಣ ಮಾಡುವುದು ಇಂದ್ರನ ಆ ಕೆಲಸವನ್ನೇ. ಬೀಟಲ್ಸ್ ತಂಡ 1970ರಲ್ಲಿ ಒಡೆಯಿತು. ಅದರ ಜಾನ್ ಲೆನನ್ 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಗುಂಡಿಗೆ ಬಲಿಯಾದನು. ನಮ್ಮ ಶ್ರಾವಕರು ಆ ದನಿಯನ್ನು ಮೊದಲ ಸಲ ಕೇಳುವಾಗಲೇ ಹಾಡಿದವನು ಇರಲಿಲ್ಲ. ಜಾರ್ಜ್ ಹ್ಯಾರಿಸನ್ 2001ರಲ್ಲಿ ತೀರಿದನು. ಎಲ್ಲವೂ ಕಳೆದುಹೋಗಬೇಕು ಎಂಬ ಅರ್ಥದ ಹೆಸರಿನ ಹಾಡನ್ನು ಅವನು 1970ರಲ್ಲಿಯೇ ಹೊರತಂದಿದ್ದನು. ಅದು ಅನಿತ್ಯ ಭಾವನೆಯೇ ಅಲ್ಲವೆ? ಕೇಳುವವನು ಆ ಹಾಡನ್ನೂ ಕಳೆದುಹೋಗಲು ಬಿಡದೆ ಹಿಡಿದಿಡುತ್ತಾನೆ. ಹಾಡಿದವರು ಹೋದರು, ಕೇಳಿದ ಇಪ್ಪತ್ತರ ತರುಣನೂ ಹೋದನು, ಹಾಡು ಮಾತ್ರ ಏನೂ ಆಗಿಲ್ಲವೆಂಬಂತೆ ನಡೆದಿದೆ.

ಹಾಗಾದರೆ ಹಾಡು ಕೇಳುವುದೇ ಪಾಪವೆ? ವಿದೇಶದ್ದೆಂಬುದೇ ದೋಷವೆ? ಅಲ್ಲ. ರೇಡಿಯೋ ಸಿಲೋನಿನ ಹಿಂದೀ ಗೀತೆಗೂ ನಮ್ಮ ಹಳೆಯ ರಂಗಗೀತೆಗೂ ಇದೇ ಮಾತು ಸಲ್ಲುತ್ತದೆ. ದೋಷ ಸ್ವರದಲ್ಲಿಲ್ಲ, ಹಿಡಿತದಲ್ಲಿದೆ. ಹಾಡು ಕೇಳುತ್ತ ಎದುರಿನ ಮಡದಿ ಮಕ್ಕಳನ್ನು ಮರೆತವನು ಇಂದ್ರನ ಸಭೆಯವನು. ಕೇಳುತ್ತಲೇ ತನ್ನ ಆಯುಷ್ಯವೂ ಸವೆಯುತ್ತಿದೆಯೆಂದು ಕಂಡವನು ಆದಿದೇವನ ಹಾದಿಯವನು.

ಗೃಹಸ್ಥನಿಗೆ ಭೋಗೋಪಭೋಗ ಪರಿಮಾಣ ವ್ರತವೇ ದಾರಿ. ಆ ಶ್ರಾವಕರು ಈಗ ವಾರಕ್ಕೊಂದು ಸಂಜೆಯೆಂದು ಮಿತಿ ಹಾಕಿಕೊಂಡಿದ್ದಾರೆ. ಅಂದು ಮಗನ ಹಾಡನ್ನೂ ಒಂದು ಕೇಳುತ್ತಾರೆ. ಇಷ್ಟವಾಗುವುದಿಲ್ಲ, ಗದರುವುದೂ ಇಲ್ಲ. ಉಳಿದ ಸಂಜೆಗಳಲ್ಲಿ ಎರಡು ಗಳಿಗೆ, ಎಂದರೆ 48 ನಿಮಿಷ, ಸಾಮಾಯಿಕ.

ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿಯೂ ಪಾರ್ಶ್ವನಾಥನೂ ಕಾಯೋತ್ಸರ್ಗದಲ್ಲಿ ನಿಂತಿದ್ದಾರೆ. ಕೆಳಗಿನ ಊರಿನ ಮದುವೆಯ ವಾದ್ಯ, ಧ್ವನಿವರ್ಧಕದ ಹಾಡು ಎಲ್ಲವೂ ಬಂಡೆಗೆ ಬಡಿದು ಅಲ್ಲಿಗೆ ಏರುತ್ತವೆ. ಆ ಮೂರ್ತಿಗಳ ಕಿವಿ ಮುಚ್ಚಿಲ್ಲ. ಯಾವ ದನಿಯ ಕಡೆಗೂ ತಲೆ ವಾಲಿಲ್ಲ. ಅಷ್ಟು ನಮಗೆ ಸಾಧ್ಯವಾಗದಿರಬಹುದು. ಹಾಡು ಮುಗಿದಾಗ ಮುಗಿಯಿತೆಂದು ಎದ್ದು ಬರುವುದಾದರೂ ಸಾಧ್ಯವಾಗಲಿ.