ಎದುರಿಗಿರುವವರ ಅರಿವಿಗೆ ಏನು ಸಾಕ್ಷಿ?

ಇನ್ನೊಬ್ಬರ ಮನಸ್ಸನ್ನು ಯಾರೂ ಕಣ್ಣಾರೆ ಕಂಡಿಲ್ಲ. ಅದು ಇದೆ ಎಂಬುದು ನಮ್ಮ ಅನುಮಾನ ಮಾತ್ರ. ಏಳನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ‘ಸಂತಾನಾಂತರಸಿದ್ಧಿ’ ಎಂಬ ಕೃತಿಯಲ್ಲಿ ಈ ಅನುಮಾನದ ದಾರಿಯನ್ನು ಬಿಡಿಸಿಟ್ಟ. ನನ್ನ ಮಾತಿಗೂ ನಡೆಗೂ ಮುಂಚೆ ನನ್ನಲ್ಲೊಂದು ಇಚ್ಛೆ ಹುಟ್ಟುತ್ತದೆ. ಅಂಥದೇ ಮಾತು, ನಡೆ ಬೇರೆಡೆ ಕಂಡರೆ ಅಲ್ಲಿಯೂ ಒಂದು ಚಿತ್ತವಿರಬೇಕು. ಹಾಗಾದರೆ ಆಸ್ಪತ್ರೆಯಲ್ಲಿ ಕಣ್ಣು ತೆರೆದೇ ಮಲಗಿದ್ದು, ಮಾತಿಲ್ಲದೆ, ಕರೆದರೆ ಬೆರಳೂ ಅಲುಗಿಸದ ರೋಗಿಯ ಗತಿಯೇನು? ಕುರುಹಿಲ್ಲ, ಆದ್ದರಿಂದ ಅರಿವೂ ಇಲ್ಲ ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. ನಮ್ಮ ತರ್ಕಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಹೊಗೆಯಿಲ್ಲದಲ್ಲಿ ಬೆಂಕಿಯಿಲ್ಲ ಎನ್ನುವಂತಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ.

2006ರಲ್ಲಿ ಕೇಂಬ್ರಿಜ್‌ನ ನರವಿಜ್ಞಾನಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಅಂಥ ಬೆಂಕಿಯೊಂದನ್ನು ಕಂಡರು. ಅಪಘಾತದ ನಂತರ ಸ್ಪಂದನವೇ ಇಲ್ಲದ 23 ವರ್ಷದ ಯುವತಿಗೆ ಎಂಆರ್‌ಐ ಯಂತ್ರದೊಳಗೆ ‘ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಿ’ ಎಂದಾಗ, ಆರೋಗ್ಯವಂತರ ಮಿದುಳಿನಲ್ಲಿ ಚುರುಕಾಗುವ ಭಾಗವೇ ಆಕೆಯಲ್ಲೂ ಚುರುಕಾಯಿತು. ಎಂಆರ್‌ಐ ಯಂತ್ರವನ್ನು ರೋಗಿಯ ಬಳಿಗೆ ಒಯ್ಯುವುದು ಸುಲಭವಲ್ಲ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ ಮಿಡಿತ ಅಳೆಯುವ ಇಇಜಿಯನ್ನು ಒಯ್ಯಬಹುದು. 2011ರಲ್ಲಿ ಓವೆನ್ ತಂಡ ಹೀಗೆ ಹಾಸಿಗೆಯ ಬಳಿಯೇ 16 ರೋಗಿಗಳನ್ನು ಪರೀಕ್ಷಿಸಿ, ಮೂವರಲ್ಲಿ ಅರಿವಿನ ಗುರುತು ಕಂಡಿತು. ಆ ಲೆಕ್ಕಾಚಾರವನ್ನು ಬೇರೆ ವಿಜ್ಞಾನಿಗಳು ಗಟ್ಟಿಯಾಗಿಯೇ ಪ್ರಶ್ನಿಸಿದರು, ಅದು ಆಗಬೇಕಾದ ಕೆಲಸ. ಆದರೆ 2024ರಲ್ಲಿ ಹಲವು ಕೇಂದ್ರಗಳು ಸೇರಿ ಎಂಆರ್‌ಐ, ಇಇಜಿ ಇಲ್ಲವೇ ಎರಡನ್ನೂ ಬಳಸಿ ನಡೆಸಿದ ಅಧ್ಯಯನದಲ್ಲಿ, ಹೊರಗೆ ಯಾವ ಸೂಚನೆಯನ್ನೂ ಪಾಲಿಸದ 241 ಮಂದಿಯಲ್ಲಿ 60 ಮಂದಿಯ ಮಿದುಳು ಸೂಚನೆಯನ್ನು ಪಾಲಿಸಿತು.

‘ಟೆನಿಸ್’ ಎಂಬ ಪದ ಕಿವಿಗೆ ಬಿದ್ದೊಡನೆ ಮಿದುಳು ತಾನಾಗಿ ಮಿಡಿದಿರಬಾರದೇಕೆ ಎಂದು ಕೇಳಬಹುದು. ತಾನಾಗಿ ಆದ ಮಿಡಿತ ಕ್ಷಣದಲ್ಲಿ ಅಡಗುತ್ತದೆ. ಆ ಯುವತಿಯಲ್ಲಿ ಅದು 30 ಸೆಕೆಂಡು, ‘ವಿಶ್ರಮಿಸಿ’ ಎನ್ನುವವರೆಗೂ ನಿಂತಿತು. 2010ರಲ್ಲಿ ಇನ್ನೊಬ್ಬ ರೋಗಿ ಹೌದು ಎನ್ನಲು ಟೆನಿಸ್, ಇಲ್ಲ ಎನ್ನಲು ಮನೆಯೊಳಗಿನ ಓಡಾಟ ಕಲ್ಪಿಸಿಕೊಂಡು ತನ್ನ ಬದುಕಿನ ಕುರಿತ ಹೆಚ್ಚಿನ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟ. ಇದನ್ನು ಪ್ರತಿವರ್ತನೆ ಎನ್ನಲಾಗದು. ಇದಕ್ಕಿಂತ ತೂಕದ ಆಕ್ಷೇಪ ಬೇರೆಯಿದೆ. 2024ರ ಅಧ್ಯಯನದಲ್ಲೇ, ಕಣ್ಣೆದುರು ಸೂಚನೆ ಪಾಲಿಸಬಲ್ಲ 112 ಮಂದಿಯಲ್ಲಿ ಯಂತ್ರಕ್ಕೆ ಸಿಕ್ಕವರು 43 ಮಂದಿ ಮಾತ್ರ. ಅರಿವು ಖಚಿತವಾಗಿರುವವರಲ್ಲೇ ಹೆಚ್ಚಿನವರನ್ನು ಕಾಣದ ಉಪಕರಣವನ್ನು ‘ಅರಿವಿನ ಮಾಪಕ’ ಎಂದು ಕರೆಯುವುದು ಅತಿಶಯೋಕ್ತಿ. ಅದರ ‘ಹೌದು’ ಪ್ರಮಾಣ. ಅದರ ಮೌನ ಪ್ರಮಾಣವಲ್ಲ.

ಗುಣವಾಗುವ ಭರವಸೆಯಿಲ್ಲದ ರೋಗಿಗಳ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಮುನ್ನ ಎರಡು ವೈದ್ಯಕೀಯ ಮಂಡಳಿಗಳು ಪರಿಶೀಲಿಸಬೇಕೆಂಬ ಆದೇಶ 2025ರ ಜನವರಿಯಲ್ಲಿ ಕರ್ನಾಟಕದಲ್ಲೂ ಹೊರಟಿದೆ. ಆ ಮಂಡಳಿಗಳ ಮುಂದೆ ನಾಳೆ ಇಂಥ ವರದಿ ಬಂದರೆ, ಗುರುತು ಸಿಗಲಿಲ್ಲ ಎಂಬ ಸಾಲನ್ನು ಅರಿವಿಲ್ಲ ಎಂದು ದಯವಿಟ್ಟು ಓದಿಕೊಳ್ಳಬಾರದು.